ಹಾಸ್ಟೆಲ್‌ನ ಬಾಗಿಲುಗಳು ಮಾಡುವ ಕೆಲಸ

ಹಾಸ್ಟೆಲ್‌ಗೆ ಹೊಸದಾಗಿ ಬಂದವರು ಮೊದಲ ವಾರ ಆಫೀಸಿಗೆ ಬಂದು ನಾನಾ ದೂರು ಹೇಳುತ್ತಾರೆ. ಟ್ಯೂಬ್‌ಲೈಟ್ ಮಿಣುಕುತ್ತದೆ, ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಕಪಾಟಿನ ಬೀಗ ಸಿಕ್ಕಿಹಾಕಿಕೊಂಡಿದೆ. ವಾರ್ಡನ್ ಆಗಿದ್ದ ವರ್ಷಗಳಲ್ಲಿ ನಾನು ಒಂದು ವಿಷಯ ಗಮನಿಸಿದೆ. ದೂರು ಬರೆದುಕೊಂಡು, ನಾಳೆ ರಿಪೇರಿಯವರನ್ನು ಕಳಿಸುತ್ತೇನೆ ಅಂದಮೇಲೂ ಕೆಲವರು ಅಲ್ಲೇ ನಿಂತಿರುತ್ತಾರೆ. ಅವರು ಕೇಳಬೇಕು ಅಂದುಕೊಂಡು ಬಂದಿದ್ದು ಟ್ಯೂಬ್‌ಲೈಟ್ ವಿಷಯ ಅಲ್ಲ. ‘ಇಲ್ಲಿ ನನ್ನವರು ಅಂತ ಯಾರಾದರೂ ಸಿಗುತ್ತಾರಾ?’ ಅನ್ನುವುದು ಅವರ ಪ್ರಶ್ನೆ. ಬಾಯಿಬಿಟ್ಟು ಕೇಳುವುದು ಕಷ್ಟ, ಅಲ್ವಾ?

ಇವತ್ತು ಆ ಪ್ರಶ್ನೆಯ ಬಗ್ಗೆಯೇ ಮಾತಾಡುತ್ತೇನೆ. ಹಾಸ್ಟೆಲ್‌ನಲ್ಲಿ ಯಾರು ಬೇಗ ಹೊಂದಿಕೊಳ್ಳುತ್ತಾರೆ, ಯಾರು ಒಂಟಿಯಾಗಿ ಉಳಿಯುತ್ತಾರೆ ಅನ್ನುವುದು ಬರೀ ಸ್ವಭಾವದ ವಿಷಯ ಅಂತ ನಾವು ಅಂದುಕೊಂಡಿರುತ್ತೇವೆ. ಅವನು ಮಾತುಗಾರ, ಇವಳಿಗೆ ಸಂಕೋಚ ಜಾಸ್ತಿ, ಅಲ್ಲಿಗೆ ಮುಗಿಯಿತು ಅಂತ. ಹಾಗಲ್ಲ. ನಿಮ್ಮ ರೂಂ ಎಲ್ಲಿದೆ, ಮೆಟ್ಟಿಲು ಯಾವ ಕಡೆ ಬರುತ್ತದೆ, ಒಂದು ಬಾತ್‌ರೂಂ ಎಷ್ಟು ಜನಕ್ಕೆ, ಬಾಗಿಲು ದಿನದಲ್ಲಿ ಎಷ್ಟು ಹೊತ್ತು ತೆರೆದಿರುತ್ತದೆ, ಇದೆಲ್ಲ ಸೇರಿ ಬಹಳಷ್ಟನ್ನು ತೀರ್ಮಾನ ಮಾಡುತ್ತದೆ. ಇದು ಗೊತ್ತಿದ್ದರೆ ಎರಡು ಉಪಯೋಗ. ಒಂದು, ‘ನನ್ನಲ್ಲೇ ಏನೋ ಕೊರತೆ ಇದೆ’ ಅಂತ ಕೊರಗುವುದು ಕಡಿಮೆಯಾಗುತ್ತದೆ. ಇನ್ನೊಂದು, ನೀವು ಏನಾದರೂ ಮಾಡಬಹುದು.

ಇದು ನನ್ನ ಊಹೆ ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ಅನ್ನುವ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗಾಗಿ ವೆಸ್ಟ್‌ಗೇಟ್ ಅನ್ನುವ ವಸತಿ ಇತ್ತು. ಹೆಚ್ಚಿನವರು ಸೈನ್ಯದಿಂದ ಬಿಡುಗಡೆಯಾಗಿ ಓದು ಮುಂದುವರಿಸಲು ಬಂದವರು. ಲಿಯಾನ್ ಫೆಸ್ಟಿಂಜರ್, ಸ್ಟ್ಯಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಅನ್ನುವ ಮೂವರು ಮನಃಶಾಸ್ತ್ರಜ್ಞರು ಅಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಅಂತ ವಿಚಾರಿಸಿ 1950ರಲ್ಲಿ ಪ್ರಕಟಿಸಿದರು. ಮನೆ ಆರಿಸಿಕೊಳ್ಳುವ ಅವಕಾಶ ಯಾರಿಗೂ ಇರಲಿಲ್ಲ. ಕಾಯುವ ಪಟ್ಟಿಯಲ್ಲಿ ಸರದಿ ಬಂದಾಗ ಯಾವುದು ಖಾಲಿಯೋ ಅದೇ ಸಿಗುತ್ತಿತ್ತು. ಎರಡು ಮಹಡಿಯ ಕಟ್ಟಡ, ಒಂದೊಂದು ಮಹಡಿಯಲ್ಲಿ ಸಾಲಾಗಿ ಐದು ಮನೆ. ಯಾರ ಜೊತೆ ನಿಮ್ಮ ಒಡನಾಟ ಜಾಸ್ತಿ ಅಂತ ಕೇಳಿದರೆ, ಪಕ್ಕದ ಬಾಗಿಲಿನವರ ಹೆಸರು ಬರುವ ಸಂಭವ ಶೇ. 41. ಒಂದು ಬಾಗಿಲು ಬಿಟ್ಟು ಆಚೆಯವರದು ಶೇ. 22. ಅದೇ ಮಹಡಿಯ ಇನ್ನೊಂದು ತುದಿಯವರದು ಬರೀ ಶೇ. 10. ಎರಡು ತುದಿಗಳ ಮಧ್ಯೆ ನೂರು ಅಡಿ ಕೂಡ ಇರಲಿಲ್ಲ ಅನ್ನುವುದನ್ನು ನೆನಪಿಡಿ. ಒಂದು ನಿಮಿಷದ ನಡಿಗೆಯೂ ಅಲ್ಲ. ಅಷ್ಟರಲ್ಲೇ ಸ್ನೇಹದ ಸಾಧ್ಯತೆ ಕಾಲು ಭಾಗಕ್ಕೆ ಇಳಿದಿತ್ತು.

ಇನ್ನೂ ಒಂದು ವಿಷಯ ಅವರಿಗೆ ಕಂಡಿತು. ಮೆಟ್ಟಿಲಿನ ಪಕ್ಕದಲ್ಲಿ, ಟಪಾಲು ಪೆಟ್ಟಿಗೆಗಳ ಹತ್ತಿರ ಇದ್ದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು. ಅವರೇನು ಹೆಚ್ಚು ಮಾತುಗಾರರಲ್ಲ. ಜನ ಅವರ ಬಾಗಿಲ ಮುಂದೆಯೇ ಓಡಾಡಬೇಕಿತ್ತು, ಅಷ್ಟೇ. ವೆಸ್ಟ್‌ಗೇಟ್‌ನ ಬಿಡಿ ಮನೆಗಳಲ್ಲಿ ಕೆಲವು ಅಂಗಳಕ್ಕೆ ಬೆನ್ನು ಮಾಡಿ ರಸ್ತೆಗೆ ಮುಖ ಮಾಡಿದ್ದವು. ಅಲ್ಲಿದ್ದವರಿಗೆ ಸ್ನೇಹಿತರು ಕಡಿಮೆ. ಅವರೂ ಅದೇ ವಯಸ್ಸಿನವರು, ಅದೇ ಓದಿನವರು. ಬಾಗಿಲು ಆ ಕಡೆ ತಿರುಗಿತ್ತು.

ನಿಮ್ಮಲ್ಲಿ ಕೆಲವರಿಗೆ ಕಾರಿಡಾರಿನ ಕೊನೆಯ ರೂಂ ಸಿಕ್ಕಿರುತ್ತದೆ. ಕೊನೆಯ ರೂಮಿನ ಮುಂದೆ ಯಾರೂ ಹಾದುಹೋಗುವುದಿಲ್ಲ. ಪ್ರಶಾಂತವಾಗಿರುತ್ತದೆ, ಓದಲು ಚೆನ್ನ. ಆದರೆ ಮಧ್ಯದ ರೂಮಿನವರಿಗೆ ಸುಮ್ನೆ ಕೂತಲ್ಲೇ ಸಿಗುವ ಪರಿಚಯಗಳನ್ನು ನೀವು ಎದ್ದು ಹೋಗಿ ಸಂಪಾದಿಸಬೇಕು. ಹಾಗಾಗಿ ಮೊದಲ ಕೆಲವು ವಾರ ರೂಮಿನಲ್ಲೇ ಕೂತು ಓದಬೇಡಿ. ಕಾಮನ್ ರೂಂ, ರೀಡಿಂಗ್ ರೂಂ, ಬಟ್ಟೆ ಒಗೆಯುವ ಜಾಗ, ನೀರು ಹಿಡಿಯುವ ಜಾಗ, ಎಲ್ಲಿ ನಾಲ್ಕು ಜನ ಬರುತ್ತಾರೋ ಅಲ್ಲಿ ದಿನಾ ಒಂದೇ ಹೊತ್ತಿಗೆ ಇರಿ. ಒಂದೇ ಹೊತ್ತಿಗೆ ಅನ್ನುವುದು ಮುಖ್ಯ. ಬೇರೆ ಬೇರೆ ದಿನ ಬೇರೆ ಬೇರೆ ಹೊತ್ತಿಗೆ ಹೋದರೆ ಪ್ರತಿ ಸಲ ಹೊಸ ಮುಖ. ಒಂದೇ ಹೊತ್ತಿಗೆ ಹೋದರೆ ಅದೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ. ಮೂರನೇ ಸಲ ತಲೆ ಆಡಿಸುತ್ತಾರೆ, ಐದನೇ ಸಲ ಹೆಸರು ಕೇಳುತ್ತಾರೆ. ಮಾತು ಶುರು ಮಾಡಲು ಬರದವರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಹಾಗಾದರೆ ಎಲ್ಲರನ್ನೂ ಆದಷ್ಟು ಹತ್ತಿರ ಹತ್ತಿರ ಇಟ್ಟುಬಿಟ್ಟರೆ ಎಲ್ಲ ಸರಿ ಹೋಗುತ್ತದಾ? ಇಲ್ಲ. ಹತ್ತಿರ ಇರುವುದರಿಂದ ಜಗಳವೂ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ಒಂದು ವಸತಿ ಸಮುಚ್ಚಯದಲ್ಲಿ ನಡೆದು 1976ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನರಿಗೆ ಇಷ್ಟವಾದವರು ಹತ್ತಿರದಲ್ಲೇ ಇದ್ದರು, ಇಷ್ಟವಾಗದವರು ಅದಕ್ಕಿಂತಲೂ ಹತ್ತಿರದಲ್ಲಿದ್ದರು. ಆಚೆ ಬೀದಿಯವರ ಗಲಾಟೆ ನಮ್ಮ ನಿದ್ದೆ ಕೆಡಿಸುವುದಿಲ್ಲವಲ್ಲ.

ಹಾಸ್ಟೆಲ್ ಕಟ್ಟಿಸುವವರು ಓದಲೇಬೇಕಾದ ಕೆಲಸ ಮಾಡಿದವರು ಆಂಡ್ರ್ಯೂ ಬಾಮ್ ಮತ್ತು ಸ್ಟುವರ್ಟ್ ವಾಲಿನ್ಸ್. 1970ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಎರಡು ಥರದ ಹಾಸ್ಟೆಲ್‌ಗಳಿದ್ದವು. ಒಂದು ಥರದಲ್ಲಿ ಉದ್ದನೆಯ ಕಾರಿಡಾರ್, ಎರಡೂ ಕಡೆ ಇಬ್ಬಿಬ್ಬರ ರೂಂಗಳು, ಸುಮಾರು 34 ಜನಕ್ಕೆ ಒಂದು ಬಾತ್‌ರೂಂ, ಒಂದು ಹರಟೆಯ ಹಾಲ್. ಇನ್ನೊಂದರಲ್ಲಿ ಎರಡು ಮೂರು ರೂಂ ಸೇರಿಸಿ ಒಂದು ಗುಂಪು, ನಾಲ್ಕರಿಂದ ಆರು ಜನ, ಅವರಿಗೇ ಒಂದು ಹಾಲ್, ಅವರಿಗೇ ಬಾತ್‌ರೂಂ. ಒಬ್ಬೊಬ್ಬರಿಗೆ ಸಿಗುತ್ತಿದ್ದ ಜಾಗ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಆದರೂ ಉದ್ದ ಕಾರಿಡಾರಿನವರಿಗೆ ಉಸಿರುಕಟ್ಟುವಷ್ಟು ಜನ ಇದ್ದಾರೆ ಅನ್ನಿಸುತ್ತಿತ್ತು. ಅದು ಹಾಸ್ಟೆಲ್ ಒಳಗೇ ನಿಲ್ಲಲಿಲ್ಲ. ಬೇರೆ ಕಡೆ ಒಂದು ಕೋಣೆಯಲ್ಲಿ ಅಪರಿಚಿತರ ಜೊತೆ ಕಾಯಲು ಕೂರಿಸಿದರೆ, ಕಾರಿಡಾರಿನವರು ದೂರದ ಕುರ್ಚಿಯಲ್ಲಿ ಕೂರುತ್ತಿದ್ದರು, ಎದುರಿನವರ ಮುಖ ನೋಡುವುದೂ ಕಡಿಮೆ.

ಯಾಕೆ ಹೀಗೆ ಅಂತ ತಿಳಿಯಲು ಬೆಳಿಗ್ಗೆ ಹೊತ್ತು ಅಂಥ ಕಾರಿಡಾರಿನಲ್ಲಿ ನಡೆದು ನೋಡಬೇಕು. ಕ್ಲಾಸಿಗೆ ಮುಕ್ಕಾಲು ಗಂಟೆ ಇದೆ. ಭುಜದ ಮೇಲೆ ಟವೆಲ್, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಒಬ್ಬರು ರೂಮಿನಿಂದ ಹೊರಗೆ ಕಾಲಿಡುತ್ತಾರೆ. ಮುಖ ತೊಳೆದಿಲ್ಲ, ತಲೆ ಬಾಚಿಲ್ಲ. ಬಾತ್‌ರೂಂ ತಲುಪುವಷ್ಟರಲ್ಲಿ ಏಳೆಂಟು ಜನ ಎದುರು ಸಿಗುತ್ತಾರೆ. ಅರ್ಧ ಜನರ ಮುಖ ಗೊತ್ತು, ಹೆಸರು ಗೊತ್ತಿಲ್ಲ. ನಗಬೇಕಾ, ಬೇಡವಾ? ಒಳಗೆ ಹೋದರೆ ನೆಲ ಪೂರ್ತಿ ಒದ್ದೆ. ಒಂದು ಬಾಗಿಲಿನ ಚಿಲಕ ಹೋಗಿದೆ, ಒಳಗಿರುವವರು ಕಾಲಿನಿಂದ ಬಾಗಿಲು ಒತ್ತಿ ಹಿಡಿದಿದ್ದಾರೆ. ಇನ್ನೊಂದರ ಮುಂದೆ ಮೂವರು ಕಾಯುತ್ತಿದ್ದಾರೆ, ಮೂವರೂ ಫೋನ್ ನೋಡುತ್ತಿದ್ದಾರೆ. ಇಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಯಾರನ್ನು ಯಾವಾಗ ಭೇಟಿ ಆಗಬೇಕು ಅನ್ನುವುದು ಯಾರ ಕೈಯಲ್ಲೂ ಇಲ್ಲ. ಬೇಡದ ಹೊತ್ತಿನಲ್ಲಿ, ಬೇಡದ ಸ್ಥಿತಿಯಲ್ಲಿ, ದಿನಕ್ಕೆ ಎಷ್ಟೋ ಸಲ ಜನ ಎದುರಾಗುತ್ತಾರೆ. ಆಗ ಮನಸ್ಸು ತನ್ನಷ್ಟಕ್ಕೆ ತಾನು ಹಿಂದೆ ಸರಿಯುತ್ತದೆ. ತಲೆ ತಗ್ಗಿಸಿ ನಡೆಯುವುದು ರೂಢಿಯಾಗುತ್ತದೆ. ನಂತರ ನಾವು ಅಂಥವರನ್ನು ‘ಸೊಕ್ಕು’ ಅನ್ನುತ್ತೇವೆ, ಇಲ್ಲಾ ‘ಯಾರ ಜೊತೆಗೂ ಬೆರೆಯುವುದಿಲ್ಲ’ ಅನ್ನುತ್ತೇವೆ.

ಇದಕ್ಕೆ ಪರಿಹಾರ ಇದೆ, ಮತ್ತು ಅದು ಕಟ್ಟಡ ಕೆಡವಿ ಕಟ್ಟುವಷ್ಟು ದೊಡ್ಡದಲ್ಲ. ಬಾಮ್ ಮುಂದೆ ಇನ್ನೊಬ್ಬ ಸಂಶೋಧಕ ಗ್ಲೆನ್ ಡೇವಿಸ್ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಅದು 1980ರಲ್ಲಿ ಪ್ರಕಟವಾಯಿತು. ಸುಮಾರು 40 ವಿದ್ಯಾರ್ಥಿನಿಯರಿದ್ದ ಒಂದು ಉದ್ದ ಕಾರಿಡಾರಿನ ನಡುವೆ ಮೂರು ರೂಂಗಳನ್ನು ಹಾಲ್ ಮಾಡಿ, ಬಾಗಿಲು ಇಟ್ಟು, ಮಹಡಿಯನ್ನು ಇಪ್ಪತ್ತಿಪ್ಪತ್ತು ಜನರ ಎರಡು ಭಾಗ ಮಾಡಿದರು. ಬಾಗಿಲಿಗೆ ಬೀಗ ಇರಲಿಲ್ಲ. ಯಾರು ಬೇಕಾದರೂ ಆ ಕಡೆ ಈ ಕಡೆ ಹೋಗಬಹುದಿತ್ತು. ಕೆಲವೇ ವಾರಗಳಲ್ಲಿ ಆ ಮಹಡಿಯವರಿಗೆ ಜನಜಂಗುಳಿ ಅನ್ನಿಸುವುದು ಕಡಿಮೆಯಾಯಿತು, ಅಕ್ಕಪಕ್ಕದವರ ಪರಿಚಯ ಜಾಸ್ತಿಯಾಯಿತು. ಹಾಗೆಯೇ ಬಿಟ್ಟಿದ್ದ ಇನ್ನೊಂದು ಉದ್ದ ಕಾರಿಡಾರಿನಲ್ಲಿ ಹಾಗಾಗಲಿಲ್ಲ. ಈ ಸಭೆಯಲ್ಲಿ ಹಾಸ್ಟೆಲ್ ನಡೆಸುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಬರೆದುಕೊಳ್ಳಿ. ಮೂರು ರೂಂ ಕಳೆದುಕೊಂಡರೆ ಆರು ಸೀಟು ಹೋಗುತ್ತದೆ ಅಂತ ಲೆಕ್ಕ ಹಾಕುತ್ತೀರಿ, ನನಗೆ ಗೊತ್ತು. ಆ ಲೆಕ್ಕದಲ್ಲಿ ಉಳಿದವರ ನೆಮ್ಮದಿಗೂ ಒಂದು ಸಾಲು ಬೇಕು. ಒಂದು ರೂಂ ಆದರೂ ಬಿಡಿ. ಅದೂ ಆಗದಿದ್ದರೆ ಆ ಚಿಲಕವನ್ನಾದರೂ ಈ ವಾರವೇ ಹಾಕಿಸಿ.

ಕಟ್ಟಡದ ಮಾತು ಬಂದಾಗ ಇನ್ನೆರಡು ಹಾಸ್ಟೆಲ್‌ಗಳ ವಿಷಯ ಹೇಳಬೇಕು. ಫಿನ್‌ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಎಂಐಟಿಗೆ ಬೇಕರ್ ಹೌಸ್ ಅನ್ನುವ ಹಾಸ್ಟೆಲ್ ಮಾಡಿಕೊಟ್ಟರು. ಅದು 1949ರಲ್ಲಿ ಮುಗಿಯಿತು. ಇಟ್ಟಿಗೆಯ ಉದ್ದ ಕಟ್ಟಡ, ಆದರೆ ನೇರ ಅಲ್ಲ, ಅಂಕುಡೊಂಕು. ಎದುರಿಗೆ ಚಾರ್ಲ್ಸ್ ನದಿ. ಗೋಡೆಯನ್ನು ಬಳುಕಿಸಿದ್ದರಿಂದ ಹೆಚ್ಚಿನ ರೂಂಗಳಿಗೆ ನದಿಯ ನೋಟ ಸಿಕ್ಕಿತು. ರೂಂಗಳ ಆಕಾರವೂ ಒಂದೇ ಥರ ಇಲ್ಲ. ಇನ್ನೊಂದು, ಕಟ್ಟದೇ ಉಳಿದ ಹಾಸ್ಟೆಲ್. ಹೂಡಿಕೆದಾರ ಚಾರ್ಲಿ ಮಂಗರ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್‌ಗೆ ಸುಮಾರು 4,500 ವಿದ್ಯಾರ್ಥಿಗಳ ಒಂದೇ ದೊಡ್ಡ ಕಟ್ಟಡ ಯೋಚಿಸಿದ್ದರು. ಮಲಗುವ ರೂಂಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ರೂಂಗಳಿಗೆ ಕಿಟಕಿಯೇ ಇಲ್ಲ. ರೂಂ ಚಿಕ್ಕದಾಗಿದ್ದರೆ ಹುಡುಗರು ಹೊರಗೆ ಬಂದು ಬೆರೆಯುತ್ತಾರೆ ಅನ್ನುವುದು ಅವರ ವಾದ. 2021ರಲ್ಲಿ ವಿಶ್ವವಿದ್ಯಾಲಯದ ವಿನ್ಯಾಸ ಸಮಿತಿಯಲ್ಲಿದ್ದ ವಾಸ್ತುಶಿಲ್ಪಿ ಡೆನಿಸ್ ಮ್ಯಾಕ್‌ಫ್ಯಾಡನ್ ಇದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. 2023ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಜನ ಬೆರೆಯಬೇಕು ಅನ್ನುವ ಮಂಗರ್ ಅವರ ಆಸೆ ತಪ್ಪಲ್ಲ. ಆದರೆ ರೂಮಿನಲ್ಲಿ ಇರಲಾರದಂತೆ ಮಾಡಿ ಜನರನ್ನು ಬೆರೆಸಲು ಆಗುವುದಿಲ್ಲ. ಸೋತು ಬಂದ ದಿನ ಬಾಗಿಲು ಹಾಕಿಕೊಂಡು ಕಿಟಕಿ ಆಚೆ ನೋಡುತ್ತಾ ಕೂರಲು ಒಂದು ಜಾಗ ಬೇಕು. ಅದು ಇದ್ದರೆ ಮಾರನೇ ದಿನ ಹೊರಗೆ ಬರುವ ಮನಸ್ಸಾಗುತ್ತದೆ.

ಯೂಟಾ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಅರ್ವಿನ್ ಆಲ್ಟ್‌ಮನ್ ಮತ್ತು ಅವರ ಜೊತೆಗಾರರು ಇದನ್ನೇ ನೋಡಿದರು. ಅದೂ 1980ರಲ್ಲಿ ಪ್ರಕಟವಾಯಿತು. ಹೊಸ ವಿದ್ಯಾರ್ಥಿಗಳು ತಮ್ಮ ಮಂಚದ ಮೇಲಿನ ಗೋಡೆಯಲ್ಲಿ ಏನೇನು ಅಂಟಿಸಿಕೊಂಡಿದ್ದಾರೆ ಅಂತ ಫೋಟೊ ತೆಗೆದುಕೊಂಡರು. ಒಂಟಿಯಾಗಿರಬೇಕು ಅನ್ನಿಸಿದಾಗ ಏನು ಮಾಡುತ್ತೀರಿ, ಜನ ಬೇಕು ಅನ್ನಿಸಿದಾಗ ಏನು ಮಾಡುತ್ತೀರಿ ಅಂತ ಕೇಳಿದರು. ಮುಂದೆ ಯಾರು ಓದು ಮುಂದುವರಿಸಿದರು, ಯಾರು ಬಿಟ್ಟು ಹೋದರು ಅಂತ ಹೋಲಿಸಿ ನೋಡಿದರು. ಉಳಿದವರ ಗೋಡೆಯಲ್ಲಿ ನಾನಾ ಥರದ ವಸ್ತುಗಳಿದ್ದವು, ಹೊಸ ಜಾಗಕ್ಕೆ ಸಂಬಂಧಪಟ್ಟವೂ ಇದ್ದವು. ಬಿಟ್ಟು ಹೋದವರ ಗೋಡೆ ಖಾಲಿ ಇರಲಿಲ್ಲ, ಆದರೆ ಅಲ್ಲಿ ವೈವಿಧ್ಯ ಕಡಿಮೆ, ಹೊಸ ಜಾಗದ ಗುರುತೂ ಕಡಿಮೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡ ವಿಷಯ ಬೇರೆ. ಉಳಿದವರಿಗೆ ಎರಡೂ ಬರುತ್ತಿತ್ತು. ಬಾಗಿಲು ತೆರೆದಿಟ್ಟು ಜನರನ್ನು ಕರೆಯುವುದೂ ಬರುತ್ತಿತ್ತು, ಬಾಗಿಲು ಮುಚ್ಚಿ ತಮ್ಮಷ್ಟಕ್ಕೆ ಇರುವುದೂ ಬರುತ್ತಿತ್ತು. ಎರಡಕ್ಕೂ ಅವರ ಬಳಿ ಹಲವು ದಾರಿಗಳಿದ್ದವು.

ಅದಕ್ಕೇ ನಾನು ಹೊಸಬರಿಗೆ ‘ಸದಾ ಎಲ್ಲರ ಜೊತೆ ಇರಿ’ ಅಂತ ಹೇಳುವುದಿಲ್ಲ. ಸಂಜೆ ಒಂದು ಗಂಟೆ ಬಾಗಿಲು ಪೂರ್ತಿ ತೆರೆದಿಡಿ. ಒಂದು ಪುಸ್ತಕ ಹಿಡಿದು ಬಾಗಿಲಿಗೆ ಎದುರಾಗಿ ಕೂತರೆ ಸಾಕು. ಹಾದುಹೋಗುವವರು ಇಣುಕುತ್ತಾರೆ. ಆಮೇಲೆ ಬಾಗಿಲು ಮುಚ್ಚಬೇಕು ಅನ್ನಿಸಿದರೆ ಮುಚ್ಚಿ, ಅದಕ್ಕೆ ಯಾರಿಗೂ ಕಾರಣ ಹೇಳಬೇಕಿಲ್ಲ. ಮುಚ್ಚಿದ ಬಾಗಿಲನ್ನು ಬಡಿದು ಬಡಿದು ‘ಏನು ಒಬ್ಬಳೇ ಕೂತಿದ್ದೀಯಾ, ಬಾ’ ಅಂತ ಎಳೆಯುವ ಗೆಳತಿಯರು ಒಳ್ಳೆಯ ಮನಸ್ಸಿನಿಂದಲೇ ಕರೆಯುತ್ತಾರೆ. ಒಂದು ಸಲ ಕರೆಯಿರಿ. ಬರದಿದ್ದರೆ ಮಾರನೇ ದಿನ ಮತ್ತೆ ಒಂದು ಸಲ ಕರೆಯಿರಿ. ಅಷ್ಟು ಸಾಕು. ಆದರೆ ದಿನಗಟ್ಟಲೆ ಬಾಗಿಲು ತೆರೆಯದಿದ್ದರೆ, ಊಟಕ್ಕೂ ಕಾಣದಿದ್ದರೆ, ಅದು ಬೇರೆ ಮಾತು. ಆಗ ಒಳಗೆ ಹೋಗಿ ಮಾತಾಡಿಸಿ, ವಾರ್ಡನ್‌ಗೆ ಹೇಳಿ. ಅದು ಚಾಡಿ ಅಲ್ಲ.

ಇನ್ನು ರೂಂಮೇಟ್ ವಿಷಯ. ಡಾರ್ಟ್‌ಮತ್ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಒಂದು ಫಾರಂ ಕೊಡುತ್ತಿದ್ದರು. ಸಿಗರೇಟು ಸೇದುತ್ತೀರಾ, ಓದುವಾಗ ಹಾಡು ಕೇಳುತ್ತೀರಾ, ತಡರಾತ್ರಿವರೆಗೆ ಎಚ್ಚರ ಇರುತ್ತೀರಾ, ರೂಂ ಒಪ್ಪವಾಗಿ ಇಟ್ಟುಕೊಳ್ಳುತ್ತೀರಾ. ಅಷ್ಟು ಹೊಂದಿಸಿ, ಉಳಿದಂತೆ ಯಾರಿಗೆ ಯಾರೋ ಜೊತೆ. ಅರ್ಥಶಾಸ್ತ್ರಜ್ಞ ಬ್ರೂಸ್ ಸಾಸರ್‌ಡೋಟ್ ಆ ದಾಖಲೆಗಳನ್ನು ಹಿಡಿದು ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದರು. ರೂಂಮೇಟ್‌ನ ಪ್ರಭಾವ ಅಂಕಗಳ ಮೇಲೆ ಸ್ವಲ್ಪ ಕಂಡಿತು, ಯಾವ ವಿದ್ಯಾರ್ಥಿ ಸಂಘ ಸೇರುತ್ತಾರೆ ಅನ್ನುವುದರ ಮೇಲೆ ಕಂಡಿತು. ಯಾವ ವಿಷಯ ಆರಿಸಿಕೊಳ್ಳುತ್ತಾರೆ ಅನ್ನುವುದರ ಮೇಲೆ ಕಾಣಲಿಲ್ಲ. ಅಂದರೆ ನಿಮ್ಮ ದಿನಚರಿ ರೂಂಮೇಟ್ ಕಡೆ ವಾಲುತ್ತದೆ, ನಿಮ್ಮ ಓದಿನ ದಾರಿ ಅಷ್ಟು ಸುಲಭವಾಗಿ ವಾಲುವುದಿಲ್ಲ. ಮಗ ಯಾರ ಜೊತೆ ಸೇರುತ್ತಾನೋ ಅಂತ ಚಿಂತೆ ಮಾಡುವ ತಂದೆತಾಯಿ ಇಲ್ಲಿದ್ದರೆ ಇದು ನಿಮಗೂ ಇರಲಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಥಿಯೊಡೋರ್ ನ್ಯೂಕಂ 1950ರ ದಶಕದಲ್ಲಿ ಇನ್ನೊಂದು ವಿಷಯ ತೋರಿಸಿದರು. ಪರಸ್ಪರ ಗೊತ್ತೇ ಇಲ್ಲದ 17 ವಿದ್ಯಾರ್ಥಿಗಳಿಗೆ ಬಾಡಿಗೆ ಇಲ್ಲದೆ ಒಂದು ಮನೆಯಲ್ಲಿ ಇರಲು ಕೊಟ್ಟು, ಬದಲಿಗೆ ಪ್ರಶ್ನೆಗಳಿಗೆ ಉತ್ತರ ಪಡೆದರು. ಮುಂದಿನ ವರ್ಷ ಇನ್ನೊಂದು ಗುಂಪು. ಮೊದಲು ಹತ್ತಿರ ಇದ್ದವರು ಜೊತೆಯಾದರು. ತಿಂಗಳುಗಳು ಕಳೆದಂತೆ ಯೋಚನೆ ಹೊಂದುವವರು ಜೊತೆಯಾದರು. ಮೊದಲ ತಿಂಗಳ ಗುಂಪೇ ನಿಮ್ಮ ಕೊನೆಯ ಗುಂಪು ಅಲ್ಲ. ಅಕ್ಟೋಬರ್ ಹೊತ್ತಿಗೆ ಗೆಳೆಯರ ಗುಂಪು ಬದಲಾದರೆ ಅದರಲ್ಲಿ ಮೋಸ ಏನೂ ಇಲ್ಲ, ಎಲ್ಲ ಕಡೆ ಹಾಗೇ ಆಗುತ್ತದೆ.

ರೂಂಮೇಟ್‌ಗಳ ಜಗಳ ಹೆಚ್ಚಾಗಿ ನಿದ್ದೆಯಿಂದ ಶುರುವಾಗುತ್ತದೆ. ರಾತ್ರಿ ಹನ್ನೆರಡೂವರೆ. ಒಬ್ಬರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಇನ್ನೊಬ್ಬರ ಟೇಬಲ್ ಲ್ಯಾಂಪ್ ಉರಿಯುತ್ತಿದೆ. ಲ್ಯಾಂಪನ್ನು ಆದಷ್ಟು ಬಗ್ಗಿಸಿದ್ದಾರೆ, ಇಯರ್‌ಫೋನ್ ಹಾಕಿಕೊಂಡಿದ್ದಾರೆ. ಆದರೆ ಕೀಬೋರ್ಡ್ ಸದ್ದು ಅವರಿಗೆ ಕೇಳಿಸದು, ಮಲಗಿದವರಿಗೆ ಕೇಳುತ್ತದೆ. ಕುರ್ಚಿ ಹಿಂದೆ ಸರಿಸುತ್ತಾರೆ. ಮಲಗಿದವರು ಒಮ್ಮೆ ಜೋರಾಗಿ ಹೊರಳುತ್ತಾರೆ. ಆ ಹೊರಳುವುದರಲ್ಲಿ ಒಂದು ಮಾತಿದೆ, ಇಯರ್‌ಫೋನ್ ಒಳಗೆ ಅದು ಹೋಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಮಲಗಿದವರ ಅಲಾರಾಂ. ಆಫ್, ಐದು ನಿಮಿಷಕ್ಕೆ ಮತ್ತೆ, ಮತ್ತೆ. ಈಗ ಎರಡಕ್ಕೆ ಮಲಗಿದವರು ಹೊರಳುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳಿಲ್ಲ. ಇಬ್ಬರಿಗೂ ‘ಇವರಿಗೆ ಸ್ವಲ್ಪವೂ ಕಾಳಜಿ ಇಲ್ಲ’ ಅನ್ನಿಸಿಬಿಟ್ಟಿದೆ.

ಇದರಲ್ಲಿ ಶಿಸ್ತಿನ ಪ್ರಶ್ನೆ ಕಡಿಮೆ. ಹದಿಹರೆಯದಲ್ಲಿ ನಿದ್ದೆಯ ಹೊತ್ತು ತಡವಾಗುತ್ತಾ ಹೋಗಿ, 20ರ ಆಸುಪಾಸಿನಲ್ಲಿ ಎಲ್ಲಕ್ಕಿಂತ ತಡ ಆಗಿರುತ್ತದೆ, ನಂತರ ನಿಧಾನವಾಗಿ ಹಿಂದೆ ಬರುತ್ತದೆ. ಅದರಲ್ಲೂ ಒಬ್ಬರಿಗೂ ಇನ್ನೊಬ್ಬರಿಗೂ ಬಹಳ ವ್ಯತ್ಯಾಸ. ನಿಮ್ಮ ರೂಂಮೇಟ್ ಬೇಕಂತಲೇ ರಾತ್ರಿ ಎಚ್ಚರ ಇರುವುದಿಲ್ಲ. ಹಾಗಾಗಿ ಬಂದ ಮೊದಲ ಮೂರು ನಾಲ್ಕು ದಿನದಲ್ಲೇ, ಸಿಟ್ಟು ಬರುವ ಮುಂಚೆ, ಕೂತು ಮಾತಾಡಿ. ಮಾತು ಉದ್ದ ಬೇಡ. ‘ಹನ್ನೆರಡಾದ ಮೇಲೆ ನನಗೆ ಕತ್ತಲೆ ಬೇಕು, ನೀನು ಓದುವುದಿದ್ದರೆ ರೀಡಿಂಗ್ ರೂಮಿಗೆ ಹೋಗ್ತೀಯಾ? ಬೆಳಿಗ್ಗೆ ನಾನು ಮೊದಲನೇ ಅಲಾರಾಂಗೇ ಎದ್ದುಬಿಡ್ತೀನಿ.’ ನಿಮ್ಮದು ಒಂದು ಕೇಳಿಕೆ ಇರಲಿ, ಒಂದು ಬಿಟ್ಟುಕೊಡುವುದು ಇರಲಿ. ಹೊರಗಿನವರು ರೂಮಿಗೆ ಬರುವ ಹೊತ್ತು, ಫೋನಿನಲ್ಲಿ ಜೋರಾಗಿ ಮಾತಾಡುವ ಜಾಗ, ಯಾರ ವಸ್ತು ಯಾರು ಕೇಳದೆ ಮುಟ್ಟಬಹುದು, ಇದನ್ನೂ ಅವತ್ತೇ ಮುಗಿಸಿ. ಆಗಲೂ ಹೊಂದಿಕೆ ಆಗದಿದ್ದರೆ ರೂಂ ಬದಲಾವಣೆ ಕೇಳಿ. ಕೇಳುವುದು ಸೋಲಲ್ಲ. ಒಳ್ಳೆಯ ಹಾಸ್ಟೆಲ್ ಆಫೀಸು ವರ್ಷದ ಮಧ್ಯೆ ಬದಲಾವಣೆಗೆ ಒಂದು ಅವಕಾಶ ಇಟ್ಟಿರುತ್ತದೆ, ಇಟ್ಟಿರಬೇಕು.

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ರೂಂ ಹಂಚಿಕೆಯ ತಲೆನೋವು ಇವತ್ತಿನದಲ್ಲ. ಏಳನೇ ಶತಮಾನದ ಕೊನೆಯಲ್ಲಿ ನಾಲಂದದಲ್ಲಿ ಸುಮಾರು ಹತ್ತು ವರ್ಷ ಇದ್ದ ಚೀನಾದ ಭಿಕ್ಷು ಇತ್ಸಿಂಗ್ ಅಲ್ಲಿನ ಪದ್ಧತಿ ಬರೆದಿಟ್ಟಿದ್ದಾರೆ. ಮಳೆಗಾಲದ ವಾಸಕ್ಕೆ ಮುಂಚೆ ಪ್ರತಿ ವರ್ಷ ಭಿಕ್ಷುಗಳ ಸಂಘ ಸೇರಿ ಕೋಣೆಗಳನ್ನು ಹೊಸದಾಗಿ ಹಂಚುತ್ತಿತ್ತು. ಹಿರಿಯರಿಗೆ ಒಳ್ಳೆಯ ಕೋಣೆ, ಹಾಗೇ ಕೆಳಗಿಳಿಯುತ್ತಾ ಕಿರಿಯರವರೆಗೆ. ವರ್ಷಕ್ಕೊಮ್ಮೆ ಹಂಚಿದ್ದರಿಂದ ‘ಇದು ನನ್ನದೇ ಕೋಣೆ’ ಅನ್ನುವುದು ಬೇರೂರುವುದಿಲ್ಲ ಅನ್ನುವುದು ನನಗೆ ಹಿಡಿಸಿದ ವಿಷಯ. ಪ್ಯಾರಿಸ್‌ನಲ್ಲಿ 1180ರಲ್ಲಿ, ಜೆರುಸಲೇಂ ಯಾತ್ರೆಯಿಂದ ಹಿಂದಿರುಗುತ್ತಿದ್ದ ಲಂಡನ್ನಿನ ಒಬ್ಬ ವ್ಯಕ್ತಿ ಆಸ್ಪತ್ರೆಯೊಂದರ ಒಂದು ಕೋಣೆಯನ್ನು ಕೊಂಡು ಹದಿನೆಂಟು ಬಡ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟ. ಅದಕ್ಕೆ ಪ್ರತಿಯಾಗಿ ಅವರು ಆಸ್ಪತ್ರೆಯಲ್ಲಿ ತೀರಿಕೊಂಡವರ ಶವದ ಮುಂದೆ ಶಿಲುಬೆ ಹಿಡಿದು ನಡೆಯಬೇಕಿತ್ತು. ಇರಲು ಜಾಗ ಸಿಕ್ಕಿದರೆ ಸುತ್ತಲಿನವರಿಗೆ ಏನಾದರೂ ಮಾಡಬೇಕು ಅನ್ನುವ ಯೋಚನೆ ಅಷ್ಟು ಹಳೆಯದು.

ಇವತ್ತು ಆ ಹೊಣೆ ಬೇರೆ ರೂಪದಲ್ಲಿದೆ. ಅದರಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. 2000ದ ಜನವರಿ 19ರಂದು ಬೆಳಗಿನ ಜಾವ ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ಬೋಲಂಡ್ ಹಾಲ್ ಹಾಸ್ಟೆಲ್‌ಗೆ ಬೆಂಕಿ ಬಿತ್ತು. ಮೂವರು ವಿದ್ಯಾರ್ಥಿಗಳು ಸತ್ತರು, ಐವತ್ತಕ್ಕೂ ಜಾಸ್ತಿ ಜನ ಗಾಯಗೊಂಡರು. ಅಲಾರಾಂ ಹೊಡೆದಿತ್ತು. ಆದರೆ ಅದರ ಹಿಂದಿನ ತಿಂಗಳುಗಳಲ್ಲಿ ಸುಳ್ಳು ಅಲಾರಾಂ ಎಷ್ಟೋ ಸಲ ಹೊಡೆದಿತ್ತು. ಇದೂ ಅಂಥದ್ದೇ ಅಂತ ಕೆಲವರು ಹಾಸಿಗೆಯಲ್ಲೇ ಉಳಿದರು. ತಮಾಷೆಗೆ ಅಲಾರಾಂ ಒತ್ತುವವರು, ಹೊಗೆ ಪತ್ತೆ ಮಾಡುವ ಯಂತ್ರಕ್ಕೆ ಬಟ್ಟೆ ಕಟ್ಟುವವರು, ತುರ್ತು ಬಾಗಿಲ ಮುಂದೆ ಸೂಟ್‌ಕೇಸ್ ಇಡುವವರು ನಿಮ್ಮ ಮಹಡಿಯಲ್ಲಿದ್ದರೆ ಸುಮ್ಮನಿರಬೇಡಿ. ಇವತ್ತು ರಾತ್ರಿ ಮಲಗುವ ಮುಂಚೆ ನಿಮ್ಮ ಬಾಗಿಲಿನಿಂದ ಎರಡು ಬೇರೆ ಬೇರೆ ಮೆಟ್ಟಿಲುಗಳಿಗೆ ನಡೆದು ನೋಡಿ. ಎಷ್ಟು ಬಾಗಿಲು ದಾಟಬೇಕು ಅಂತ ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಎಣಿಕೆ ಇರುತ್ತದೆ.

ಸೀನಿಯರ್‌ಗಳ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಕಿರಿಯರನ್ನು ಅವಮಾನ ಮಾಡಿದರೆ ಸಲಿಗೆ ಬೆಳೆಯುತ್ತದೆ ಅನ್ನುವುದು ಶುದ್ಧ ಸುಳ್ಳು. ದಿನಾ ಒಂದೇ ನಲ್ಲಿಯ ಹತ್ತಿರ ನಿಂತು ಹಲ್ಲುಜ್ಜಿದರೆ ಸಲಿಗೆ ತಾನಾಗಿ ಬರುತ್ತದೆ.

ರಜೆಯ ವಿಷಯ ಯಾರೂ ಜಾಸ್ತಿ ಮಾತಾಡುವುದಿಲ್ಲ. ರಜೆ ಶುರುವಾದ ಮೊದಲ ದಿನವೇ ಹಾಸ್ಟೆಲ್ ಖಾಲಿಯಾಗುತ್ತದೆ. ಕೆಲವರು ಉಳಿಯುತ್ತಾರೆ. ಮನೆ ಬಹಳ ದೂರ, ಪ್ರಯಾಣದ ಖರ್ಚು ಹೆಚ್ಚು, ಲ್ಯಾಬ್ ಕೆಲಸ ಇದೆ, ಅಥವಾ ಹೋಗಲು ಮನೆಯೇ ಇಲ್ಲ. ಕೊನೆಯದನ್ನು ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ. ಇಡೀ ಕಾರಿಡಾರಿನಲ್ಲಿ ಒಬ್ಬರದೇ ಲೈಟ್ ಉರಿಯುತ್ತಿದ್ದರೆ ಆಗುವ ಒಂಟಿತನ ತುಂಬಿದ ಕಾರಿಡಾರಿನ ಒಂಟಿತನಕ್ಕಿಂತ ಬೇರೆ. ಉಳಿಯುವವರನ್ನು ಬೇರೆ ಬೇರೆ ಮಹಡಿಗಳಲ್ಲಿ ಚದುರಿಸಿ ಬಿಡಬೇಡಿ ಅಂತ ನಾನು ಪ್ರತಿ ಸಲ ಹೇಳುತ್ತಿದ್ದೆ. ಆ ಕೆಲವು ವಾರಗಳಿಗೆ ಒಂದೇ ಮಹಡಿಗೆ, ಪಕ್ಕಪಕ್ಕದ ರೂಂಗಳಿಗೆ ಕರೆತನ್ನಿ. ಒಂದೇ ಹಾಲ್ ತೆರೆದಿಡಿ. ವೆಸ್ಟ್‌ಗೇಟ್‌ನ ಲೆಕ್ಕ ನೆನಪಿದೆಯಲ್ಲ, ಪಕ್ಕದ ಬಾಗಿಲಿಗೂ ತುದಿಯ ಬಾಗಿಲಿಗೂ ಎಷ್ಟು ವ್ಯತ್ಯಾಸ ಅಂತ. ಖಾಲಿ ಕಟ್ಟಡದಲ್ಲಿ ಆ ವ್ಯತ್ಯಾಸ ಇನ್ನೂ ಜಾಸ್ತಿ. ರಜೆ ಮುಗಿದು ಬಂದವರು ನೋಡಿದರೆ, ಉಳಿದವರೇ ಒಂದು ಗಟ್ಟಿ ಗುಂಪಾಗಿರುವುದನ್ನು ನಾನು ಕಂಡಿದ್ದೇನೆ.

ಕೊನೆಗೆ ಎರಡನೇ ವರ್ಷದ ಹಂಚಿಕೆ. ಆಗ ನಿಮ್ಮ ರೂಂಮೇಟನ್ನು ನೀವೇ ಆರಿಸಿಕೊಳ್ಳಿ ಅಂತ ಫಾರಂ ಬರುತ್ತದೆ. ತುಂಬಾ ಬೇಕಾದ ಗೆಳೆಯರ ಜೊತೆಯೇ ಇರಬೇಕು ಅಂತ ಎಲ್ಲರಿಗೂ ಆಸೆ. ಆದರೆ ದಿನಾ ಹರಟುವ ಗೆಳೆಯರ ನಿದ್ದೆಯ ಹೊತ್ತು ನಿಮಗೆ ಗೊತ್ತಾ? ಅವರು ರೂಂ ಹೇಗೆ ಇಟ್ಟುಕೊಳ್ಳುತ್ತಾರೆ ಅಂತ ನೋಡಿದ್ದೀರಾ? ಕೇಳಿ ತಿಳಿದುಕೊಂಡು ಫಾರಂ ತುಂಬಿ. ಪಕ್ಕದ ರೂಮಿನಲ್ಲಿ ಇದ್ದರೂ ಸ್ನೇಹ ಗಟ್ಟಿಯಾಗೇ ಇರುತ್ತದೆ.

ಆ ಫಾರಂಗಳು ವಾಪಸ್ ಬಂದಾಗ ಕೆಲವರು ರೂಂಮೇಟ್ ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಕೆಲವರಿಗೆ ಯಾರಾದರೂ ಸರಿ ಅಂತ, ಕೆಲವರಿಗೆ ಬರೆಯಲು ಹೆಸರೇ ಇರುವುದಿಲ್ಲ. ಆಫೀಸಿನಲ್ಲಿ ಅವರನ್ನೆಲ್ಲ ಕೊನೆಗಿಟ್ಟು, ಉಳಿದ ತುದಿಯ ರೂಂಗಳಿಗೆ ಹಾಕುವುದು ಸುಲಭ. ಅವರ ಹೆಸರುಗಳನ್ನು ಮೊದಲೇ ಬೇರೆ ಬರೆದುಕೊಂಡು, ಒಬ್ಬೊಬ್ಬರನ್ನೂ ಕರೆದು ಮಾತಾಡಿಸಿ, ಮೆಟ್ಟಿಲ ಪಕ್ಕದ, ಹಾಲ್ ಹತ್ತಿರದ ರೂಂಗಳನ್ನು ಮೊದಲು ಅವರ ಮುಂದೆ ಇಡಿ. ಬೇಡ ಅಂದರೆ ಬೇಡ. ಆ ಪಟ್ಟಿ ಯಾವತ್ತೂ ಉದ್ದ ಇರುವುದಿಲ್ಲ, ಒಂದೆರಡು ಸಂಜೆಯಲ್ಲಿ ಮುಗಿಯುವ ಕೆಲಸ.